ಅಮೆರಿಕದ ಮೂಟೆ ನಿಂತ ಮೇಲೆ ಉಗಾಂಡದಲ್ಲಿ ಹುರಿಹಿಟ್ಟು ಮಾಡಿದ್ದು

ಉಗಾಂಡದ ಈಶಾನ್ಯ ಮೂಲೆಯ ಕರಮೋಜದಲ್ಲಿ ತೂಕ ಇಳಿದ ಮಕ್ಕಳಿಗೆ ನಾವು ಹಂಚುತ್ತಿದ್ದದ್ದು ಅಮೆರಿಕದಿಂದ ಬರುವ ಮೆಕ್ಕೆಜೋಳ-ಸೋಯಾ ಹಿಟ್ಟು. 2025ರ ಜನವರಿ 20ಕ್ಕೆ ಟ್ರಂಪ್ ವಿದೇಶಿ ನೆರವನ್ನು 90 ದಿನ ತಡೆಹಿಡಿದರು. ಜುಲೈ ಹೊತ್ತಿಗೆ ಆ ನೆರವು ಹಂಚುವ ಅಮೆರಿಕದ ಸರ್ಕಾರಿ ಸಂಸ್ಥೆ ಯುಎಸ್‌ಏಡ್ ಬಾಗಿಲೇ ಮುಚ್ಚಿತು, ನಮ್ಮ ಗೋದಾಮು ಖಾಲಿ. ಪಕ್ಕದ ಟೆಸೊದಲ್ಲಿ ರಾಗಿ, ಕಡಲೆಕಾಯಿ ಎರಡೂ ಬೆಳೆಯುತ್ತಾರೆ, ನಾವೇ ಹುರಿಹಿಟ್ಟು ಮಾಡೋಣ ಅಂದೆ. ಮಂಡ್ಯದವನಿಗೆ ರಾಗಿ ಬಿಟ್ಟರೆ ಬೇರೇನೂ ಕಾಣಲ್ಲ ಅಂತ ಜೊತೆಯವರು ನಕ್ಕರು. ರಾಗಿಯ ತವರೇ ಈ ಸೀಮೆ ಅಲ್ವಾ?

ಅವರ ಅನುಮಾನಕ್ಕೂ ಕಾರಣ ಇತ್ತು. 2019ರಲ್ಲಿ ಇಲ್ಲೇ ಹಂಚಿದ ಆಮದು ಹಿಟ್ಟಿನಲ್ಲಿ ಉಮ್ಮತ್ತಿ ಬೀಜದಲ್ಲಿರುವಂಥ ವಿಷ ಸೇರಿ ಸುಮಾರು 300 ಜನ ಕಾಯಿಲೆ ಬಿದ್ದಿದ್ದರು, ಸಾವೂ ಆಗಿತ್ತು. ಹಿಟ್ಟು ಅಂದರೆ ತಾಯಂದಿರಿಗೆ ಈಗಲೂ ಭಯ.

ಮೊದಲ ಲಾಟ್ ಕಡಲೆಬೀಜ ಅಫ್ಲಾಟಾಕ್ಸಿನ್ ಅನ್ನುವ ಬೂಸ್ಟಿನ ವಿಷದ ಪರೀಕ್ಷೆಯಲ್ಲೇ ಬಿತ್ತು. ಮಿತಿ 10 ಪಿಪಿಬಿ, ಅಂದರೆ ನೂರು ಕೋಟಿ ಭಾಗಕ್ಕೆ 10 ಭಾಗ, ನಮ್ಮದು ಅದರ ಮೂರು ಪಟ್ಟೋ ಏನೋ. ಹೆಚ್ಚುಕಡಿಮೆ 20 ಲಕ್ಷ ಶಿಲ್ಲಿಂಗ್ ಮಣ್ಣುಪಾಲು, ಅದೂ ನನ್ನ ಕೈಯಿಂದ. ಆಮೇಲೆ ಸಿಪ್ಪೆ ಸಮೇತ ಕೊಂಡು, ಇಲ್ಲೇ ಸುಲಿಸಿ, ಮುರುಟಿದ್ದು, ಬಣ್ಣ ಕೆಟ್ಟಿದ್ದು ಎಲ್ಲ ಕೈಯಲ್ಲೇ ಆರಿಸಿ ತೆಗೆಸಿದೆ. ಪಾಸಾಯಿತು.

ಇನ್ನೊಂದು ತೊಂದರೆ ಗಂಜಿ ಗಟ್ಟಿಯಾಗುವುದು. ಸೊರಗಿದ ಮಗು ಎರಡು ಗುಟುಕಿಗೆ ಮುಖ ತಿರುಗಿಸುತ್ತದೆ, ನೀರು ಜಾಸ್ತಿ ಮಾಡಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತಲ್ಲ. ಬೇಯುತ್ತಿರುವ ಗಂಜಿ ಇಳಿಸಿ, ಸ್ವಲ್ಪ ಆರಿಸಿ, ಒಂದು ಚಮಚ ಮೊಳಕೆ ರಾಗಿ ಹಿಟ್ಟು ಕದಡಿದರೆ ಕಣ್ಣೆದುರೇ ತೆಳ್ಳಗಾಗುತ್ತದೆ, ಮತ್ತೆ ಒಂದು ಕುದಿ ಕೊಡಬೇಕು. ಎಷ್ಟು ಆರಿದ ಮೇಲೆ ಹಾಕಬೇಕು ಅನ್ನುವುದನ್ನು ಮಾತ್ರ ಇಲ್ಲಿ ಹೇಳಲ್ಲ. ನಡುವೆ ಮುಕೆನೆ ಅನ್ನುವ ಸಣ್ಣ ಒಣಮೀನಿನ ಪುಡಿಯನ್ನೂ ಬೆರೆಸಿ ನೋಡಿದೆ. ಪ್ರೋಟೀನ್ ಏರಿತು, ವಾಸನೆಗೆ ಮಿಲ್ಲಿನವನೇ ಓಡಿದ.

ದುಡ್ಡಿನ ಲೆಕ್ಕ: ಕಿಲೋಗೆ ಸುಮಾರು 4,500 ಶಿಲ್ಲಿಂಗ್ ಬೀಳುತ್ತದೆ. ಸೊರೊಟಿ, ಎಂಬಾಲೆ ಅಂಗಡಿಗಳಿಗೆ 7,000ಕ್ಕೆ ಮಾರುತ್ತೇವೆ, ಆ ಲಾಭದಲ್ಲಿ ಕರಮೋಜದ ಮೊರೊಟೊ ಕಡೆ ಮಕ್ಕಳಿಗೆ ಪುಕ್ಕಟೆ. ಇದು ನಡೆಯಲ್ಲ ಅಂದವರೇ ಈಗ ಅಳತೆ ಕೇಳುತ್ತಿದ್ದಾರೆ.

ಆದರೂ ನೆರವು ನಿಂತದ್ದೇ ಒಳ್ಳೆಯದಾಯಿತು ಅನ್ನುವವರ ಜೊತೆ ನಾನಿಲ್ಲ. ನಾವು ಕೊಡುತ್ತಿರುವುದು ಮೊದಲಿನ ಹತ್ತನೇ ಒಂದು ಪಾಲೂ ಅಲ್ಲ. ಪಿಎಲ್-480 ಅನ್ನುವ ಅಮೆರಿಕದ ಆಹಾರ ನೆರವಿನ ಕಾನೂನಿನ ಕಾಲದಿಂದ ಅವರ ರೈತರ ಕಾಳು, ಅದರಲ್ಲಿ ಅರ್ಧವಾದರೂ ಅವರದೇ ಹಡಗಿನಲ್ಲಿ ಅನ್ನುವ ಕಟ್ಟುಪಾಡು. ಆ ಬಾಡಿಗೆ ದುಡ್ಡಲ್ಲಿ ಟೆಸೊ ರಾಗಿ ಕೊಂಡಿದ್ದರೆ ಇಂಥ ಮಿಲ್ಲು ಊರಿಗೊಂದು ಇರುತ್ತಿತ್ತು. ಸದ್ಯಕ್ಕೆ ನಮ್ಮದು ಒಂದೇ, ಅದರ ಬೆಲ್ಟೂ ಹೋದ ವಾರ ಹರಿದಿದೆ.