ಹುಳುವಿನ ಬೆಳೆಗೆ ಪಾಠವನ್ನು ಹೊಂದಿಸಿದೆ: ನನ್ನ ಅನುಭವ

"ರೇಷ್ಮೆ ಮನೆಯ ಕೆಲಸವೇ ಮುಗಿಯುವುದಿಲ್ಲ, ಇನ್ನು ಮಕ್ಕಳಿಗೆ ಪಾಠ ಯಾವಾಗ ಹೇಳಿಕೊಡುತ್ತೀಯಮ್ಮ?" ಎಂದು ಅತ್ತೆ ಕೇಳಿದ್ದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೆ ಉತ್ತರ ಹುಡುಕಲು ನನಗೆ ಒಂದೂವರೆ ವರ್ಷ ಹಿಡಿಯಿತು, ಹತ್ತೊಂಬತ್ತು ಸಾವಿರದಷ್ಟು ಹಣ ಖರ್ಚಾಯಿತು. ಈಗ ಉತ್ತರ ಸಿಕ್ಕಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಎರಡು ಎಕರೆ ಹಿಪ್ಪುನೇರಳೆ ತೋಟವಿದೆ. ನಾನು ಮನೆಯಲ್ಲೇ ಪಾಠ ಶುರು ಮಾಡಿದಾಗ ದೊಡ್ಡವಳಿಗೆ ನಾಲ್ಕು ತುಂಬಿತ್ತು, ನಡುವಿನವನಿಗೆ ಎರಡೂವರೆ, ಚಿಕ್ಕವನು ಇನ್ನೂ ಅಂಬೆಗಾಲಿಡುತ್ತಿದ್ದ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮವಿದ್ದಾಗ, ಅಲ್ಲಿಯವರೆಗೆ ಮಗುವನ್ನು ವ್ಯಾನಿನಲ್ಲಿ ತುಂಬಿ ಕಳುಹಿಸಲು ನನಗೆ ಮನಸ್ಸಿರಲಿಲ್ಲ. ಎಲ್‌ಕೆಜಿಗೆ ವ್ಯಾನಿನ ಬಾಡಿಗೆ ಸೇರಿ ವರ್ಷಕ್ಕೆ ಮೂವತ್ತೈದು ಸಾವಿರ ಕೇಳಿದ್ದರು.

ಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೊಬೈಲಿನಲ್ಲಿ ಸಿಕ್ಕ ಮಾಸಿಕ ಪಾಠ ಯೋಜನೆಗಳನ್ನು ಇಳಿಸಿಕೊಂಡು, ಒಂದು ಹಾಳೆಗೆ ಹತ್ತು ರೂಪಾಯಿಯಂತೆ ಬಣ್ಣದ ಮುದ್ರಣ ಮಾಡಿಸಿದೆ. ಲ್ಯಾಮಿನೇಶನ್ ಯಂತ್ರಕ್ಕೇ ಮೂರು ಸಾವಿರ ಕೊಟ್ಟೆ. ಮುದ್ರಣಕ್ಕೆ ನಾಲ್ಕು ತಿಂಗಳಲ್ಲಿ ಒಂಬತ್ತು ಸಾವಿರ ಹೋಗಿರಬೇಕು. ಒಂದು ತಿಂಗಳು ಸೇಬು, ಮುಂದಿನ ತಿಂಗಳು ಹಿಮದ ಗೊಂಬೆ. ಮಾವಿನ ಹಣ್ಣನ್ನು ಬುಟ್ಟಿಯಲ್ಲಿ ಮುಟ್ಟಿ ನೋಡಿದ ಮಗುವಿಗೆ ಹಿಮದ ಗೊಂಬೆಯ ಮೂಗಿಗೆ ಬಣ್ಣ ಹಚ್ಚಲು ಕೊಟ್ಟೆ. ಆ ಹಾಳೆಗಳು ಇಂದಿಗೂ ಅಟ್ಟದ ಮೇಲಿವೆ. ಮರದ ಆಟಿಕೆಗಳ ಪೆಟ್ಟಿಗೆಯೊಂದಕ್ಕೆ ಐದು ಸಾವಿರ ಕೊಟ್ಟಿದ್ದೆ. ಆಮೇಲೆ ಆರುನೂರು ರೂಪಾಯಿಗೆ ತಂದ ಚನ್ನಪಟ್ಟಣದ ಬುಗುರಿ, ಬಳೆಗಳ ಗೋಪುರ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದವು.

ಇನ್ನೊಂದು ತಪ್ಪು ಹಣಕ್ಕಿಂತ ದೊಡ್ಡದು. ಎಣಿಕೆಗೆಂದು ಹುಣಸೆಬೀಜ ಕೊಟ್ಟಿದ್ದೆ. ದೊಡ್ಡವಳು ಹತ್ತರ ಗುಂಪು ಮಾಡುತ್ತಿದ್ದಾಗ ಪಕ್ಕದಲ್ಲಿದ್ದ ನಡುವಿನವನು ಒಂದನ್ನು ಮೂಗಿಗೆ ತೂರಿಸಿಕೊಂಡ. ಆಸ್ಪತ್ರೆಯಲ್ಲಿ ಬೀಜ ತೆಗೆಸಿಕೊಂಡು ಬರುವಷ್ಟರಲ್ಲಿ ರಾತ್ರಿ ಒಂಬತ್ತಾಗಿತ್ತು. ಅಂದಿನಿಂದ ಚಿಕ್ಕವರ ಕೈಗೆಟಕುವಲ್ಲಿ ಬೀಜ, ಮಣಿ, ಕಡಲೆ ಯಾವುದೂ ಇಲ್ಲ. ಬೇರೆ ಬೇರೆ ವಯಸ್ಸಿನ ಮೂವರು ಒಂದೇ ಜಾಗದಲ್ಲಿ ಕುಳಿತಾಗ ಸಾಮಾನನ್ನು ಆರಿಸಬೇಕಾದದ್ದು ಎಲ್ಲರಿಗಿಂತ ಚಿಕ್ಕವನನ್ನು ನೋಡಿ.

ಇಷ್ಟಾದರೂ ಯೋಜನೆ ಮುರಿಯುತ್ತಲೇ ಇತ್ತು. ಎರಡು ವಾರ ಚೆನ್ನಾಗಿ ನಡೆಯುತ್ತಿತ್ತು, ಆಮೇಲೆ ಒಂದು ವಾರ ಪೂರ್ತಿ ಖಾಲಿ. ಅದು ನನ್ನ ಸೋಮಾರಿತನವೆಂದೇ ನಂಬಿ ಅಳುತ್ತಿದ್ದೆ. "ಶಾಲೆಯಲ್ಲಾದರೆ ಹೀಗಾಗುತ್ತಿತ್ತೇ?" ಎಂದು ಭಾವ ಎಲ್ಲರೆದುರು ಕೇಳಿದ್ದರು. ಒಂದು ದಿನ ಹಳೆಯ ನೋಟ್‌ಬುಕ್ಕನ್ನು ಯಜಮಾನರ ಬೆಳೆ ಲೆಕ್ಕದ ಪುಸ್ತಕದ ಪಕ್ಕಕ್ಕಿಟ್ಟು ನೋಡಿದೆ. ಹುಳು ಸೊಪ್ಪು ಬಿಟ್ಟು ಪೊರೆ ಕಳಚಲು ಕೂರುವುದನ್ನು ನಾವು ಜ್ವರ ಎನ್ನುತ್ತೇವೆ, ಗೂಡು ಕಟ್ಟುವ ಮೊದಲು ಅಂಥ ನಾಲ್ಕು ಜ್ವರ. ಪಾಠ ನಿಂತುಹೋದ ದಿನಗಳೆಲ್ಲ ನಾಲ್ಕನೇ ಜ್ವರ ಎದ್ದ ಮೇಲಿನ ದಿನಗಳೇ! ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ತಿನ್ನುವುದು ಆ ವಾರದಲ್ಲಿ ಎಂಬುದು ಹುಳು ಸಾಕುವ ಎಲ್ಲರಿಗೂ ಗೊತ್ತು. ನನ್ನ ಯೋಜನೆಗೆ ಮಾತ್ರ ಗೊತ್ತಿರಲಿಲ್ಲ.

ಅಂದೇ ವಾರದ ವೇಳಾಪಟ್ಟಿಯನ್ನು ಗೋಡೆಯಿಂದ ತೆಗೆದೆ. ಈಗ ನನ್ನ ಅಳತೆ ಒಂದು ಬೆಳೆ. ಎರಡನೇ ಜ್ವರ ಎದ್ದ ಚಾಕಿ ಹುಳು, ಅಂದರೆ ಬೇರೆಡೆ ಸಾಕಿದ ಮರಿಹುಳು, ಮನೆಗೆ ಬಂದ ದಿನದಿಂದ ಗೂಡು ಬಿಡಿಸುವವರೆಗೆ 22ರಿಂದ 24 ದಿನ. ಮೊದಲ ಹತ್ತು ದಿನ ಹೊಸ ಅಕ್ಷರ, ಹೊಸ ಲೆಕ್ಕ. ಹುಳು ಜ್ವರಕ್ಕೆ ಕುಳಿತು ಸೊಪ್ಪು ತಿನ್ನದ ದಿನ ನಮಗೂ ಬಿಡುವು, ಕೈವಾರಕ್ಕೋ ಅಜ್ಜಿಯ ಮನೆಗೋ ಹೋಗುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲಿನ ವಾರ ಹಾಳೆ, ಪೆನ್ಸಿಲ್ ಮುಟ್ಟುವುದೇ ಇಲ್ಲ, ಎತ್ತುವುದು, ಹೊರುವುದು, ಎಣಿಸುವುದು ಅಷ್ಟೇ. ಗೂಡು ಕಟ್ಟಲೆಂದು ಹುಳುವನ್ನು ಚಂದ್ರಿಕೆ ತಟ್ಟೆಗೆ ಬಿಟ್ಟ ಮೇಲಿನ ಐದು ದಿನಗಳೇ ನನಗೆ ಚಿನ್ನ. ಮನೆ ಶಾಂತವಾಗಿರುತ್ತದೆ, ಕಥೆ ಓದುವುದನ್ನೆಲ್ಲ ಅಲ್ಲಿಗೆ ಇಟ್ಟುಕೊಂಡಿದ್ದೇನೆ.

ಒಂದು ಬೆಳೆಗೆ ನೋಟ್‌ಬುಕ್ಕಿನ ಎರಡು ಪುಟ ಸಾಕು. ಎಡಕ್ಕೆ ವಸ್ತು, ಬಲಕ್ಕೆ ಮೂವರ ಹೆಸರು. ವಸ್ತು ಸೊಪ್ಪು ಎಂದಿಟ್ಟುಕೊಳ್ಳಿ. ಚಿಕ್ಕವನು ಹರಿದು ಬುಟ್ಟಿಗೆ ಹಾಕುತ್ತಾನೆ, ನಡುವಿನವನು ಎಳೆಯದು, ಬಲಿತದ್ದು ಬೇರೆ ಮಾಡುತ್ತಾನೆ, ದೊಡ್ಡವಳು ಎಣಿಸಿ ಸ್ಲೇಟಿನಲ್ಲಿ ಬರೆಯುತ್ತಾಳೆ. ಮೂವರಿಗೆ ಮೂರು ಪಾಠ ತಯಾರಿಸುತ್ತಿದ್ದಾಗ ರಾತ್ರಿ ಹನ್ನೊಂದಾಗುತ್ತಿತ್ತು. ಈಗ ಅರ್ಧ ಗಂಟೆಯೂ ಬೇಡ. ದೊಡ್ಡವಳ ಪಾಠ ನಡೆಯುವಾಗ ಚಿಕ್ಕವನನ್ನು ನಲವತ್ತು ನಿಮಿಷ ಕೂರಿಸಲು ನನ್ನದೊಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮೂರಿನ ಇಬ್ಬರು ತಾಯಂದಿರು ಕೇಳಿದ್ದಾರೆ, ಅವರಿಗೂ ಇನ್ನೂ ಹೇಳಿಲ್ಲ.

ಹುಳು ಮನೆಯೊಳಗೆ ಮಕ್ಕಳನ್ನು ಬಿಡುವುದಿಲ್ಲ. ಬ್ಲೀಚಿಂಗ್ ಪೌಡರ್, ಸುಣ್ಣ ಎಲ್ಲ ಅಲ್ಲಿರುತ್ತವೆ, ಹುಳುವಿಗೂ ಸೋಂಕಿನ ಭಯ. ಜಗಲಿಯ ಮೇಲೆ ಐವತ್ತು ಹುಳುಗಳ ಒಂದು ಬಿದಿರಿನ ತಟ್ಟೆ ಅವರದು. ಮೊದಲ ಸಲ ಪರದೆ ಕಟ್ಟದೆ ಇಟ್ಟು ಕೆಟ್ಟೆವು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಬಂದು ಹುಳುಗಳ ಮೈಮೇಲೆಲ್ಲ ಕಪ್ಪು ಚುಕ್ಕೆ ಬಿದ್ದಿತು, ಗೂಡಾದದ್ದು ಹತ್ತೋ ಹನ್ನೆರಡೋ. ಯಜಮಾನರು ಎರಡು ದಿನ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ, ಆ ನೊಣ ಹುಳು ಮನೆಗೆ ನುಗ್ಗಿದ್ದರೆ ಬೆಳೆಯೇ ಹೋಗುತ್ತಿತ್ತು. ಈಗ ಸೊಳ್ಳೆಪರದೆ ಸುತ್ತಿ ಕಟ್ಟುತ್ತೇವೆ. ಕೆಲವು ಗೂಡುಗಳನ್ನು ಬಿಡಿಸದೆ ಇಟ್ಟು ಚಿಟ್ಟೆ ಹೊರಬರುವುದನ್ನೂ ತೋರಿಸಿದೆ. ಅದು ಇಟ್ಟ ಮೊಟ್ಟೆಗಳನ್ನು ಮಾತ್ರ ಅಂದೇ ಸುಟ್ಟೆವು, ರೋಗದ ಪರೀಕ್ಷೆಯಾಗದ ಮೊಟ್ಟೆ ಮನೆಯಲ್ಲಿರಬಾರದು. ದೊಡ್ಡವಳು ಒಂದು ಗಂಟೆ ಅತ್ತಳು. ಇನ್ನೊಂದು ಸಲ ಒಂದೇ ಗೂಡನ್ನು ಬಿಸಿನೀರಿಗೆ ಹಾಕಿ ನೂಲು ತೆಗೆದು ಡಬ್ಬಕ್ಕೆ ಸುತ್ತಿದೆವು. ಮುನ್ನೂರು ಸುತ್ತು ಎಣಿಸುವಷ್ಟರಲ್ಲಿ ಎಳೆ ಮೂರು ಬಾರಿ ತುಂಡಾಯಿತು, ಆದರೆ ನೂರರಾಚೆಗಿನ ಎಣಿಕೆ ಅವಳಿಗೆ ಬಂದದ್ದು ಆ ಮಧ್ಯಾಹ್ನವೇ.

ಅಕ್ಷರಕ್ಕೆ ಅ ಆ ಇ ಈ ಹಿಡಿದು ಆರು ತಿಂಗಳು ಒದ್ದಾಡಿದ್ದೆ. ಮನೆಯಲ್ಲಿ ಅರ್ಧ ತೆಲುಗು ಬೇರೆ. ಕೊನೆಗೆ ಸರ್ಕಾರಿ ಶಾಲೆಯ ನಲಿ-ಕಲಿಯ ರ ಗ ಸ ದ ಅ ಕ್ರಮಕ್ಕೆ ಬಂದೆ. ಐದು ಅಕ್ಷರಕ್ಕೇ ಸರ, ರಸ, ಅಗಸ, ಅರಸ, ಗರಗಸ ಎಲ್ಲ ಓದಲು ಸಿಗುತ್ತವೆ. ವರ್ಣಮಾಲೆಯನ್ನು ಹಾಡಿನಂತೆ ಅತ್ತೆಯೇ ಸಂಜೆ ಹೇಳಿಸುತ್ತಾರೆ, ಅದಕ್ಕೆ ನಾನು ಅಡ್ಡಿ ಮಾಡಿಲ್ಲ.

ಈಗ ವರ್ಷದ ಖರ್ಚು ಎರಡೂವರೆ ಸಾವಿರ ದಾಟುವುದಿಲ್ಲ. ಸ್ಲೇಟು, ಬಳಪ, ಒಂದು ಹಳೆಯ ತಕ್ಕಡಿ, ಕಥೆ ಪುಸ್ತಕ, ಅಷ್ಟೇ. ಆ ತಕ್ಕಡಿಯಲ್ಲಿ ದೊಡ್ಡವಳೇ ಒಂದು ಕೆ.ಜಿ. ಗೂಡು ತೂಗಿ ಹತ್ತರ ಗುಂಪು ಮಾಡಿ ಎಣಿಸಿದಳು, ಆರುನೂರರ ಹತ್ತಿರ ಬಂತು.

ಕಳೆದ ಬೆಳೆಯ ಗೂಡನ್ನು ಮಾರುಕಟ್ಟೆಗೆ ಹಾಕಿ ಬಂದ ದಿನ ಭಾವ ನಮ್ಮ ಮನೆಯಲ್ಲೇ ಊಟಕ್ಕೆ ಕುಳಿತಿದ್ದರು. ಯಜಮಾನರು ಜೇಬಿನಿಂದ ತೆಗೆದಿಟ್ಟ ಚೀಟಿಯನ್ನು ದೊಡ್ಡವಳು ಎತ್ತಿಕೊಂಡು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, "ದ... ರ... ದರ" ಎಂದು ಓದಿದಳು. ಅದರ ಮುಂದಿನ ಅಂಕಿಯನ್ನೂ ಓದಿದಳು, ನಾನೂರ ಎಂಬತ್ತು. ಭಾವ ಚೀಟಿಯನ್ನು ತೆಗೆದುಕೊಂಡು ನೋಡಿ, "ಇನ್ನೊಮ್ಮೆ ಓದಮ್ಮ" ಎಂದರು.