ಸಿ.ಎ.ಎಚ್. ಇರುವ ಮಗುವಿಗೆ ಜ್ವರ ಬಂದ ದಿನ

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು, ಕಾಯಿಲೆಯ ಒತ್ತಡವನ್ನು ತಾಳಲು ದೇಹಕ್ಕೆ ನೆರವಾಗುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ತಯಾರಿಸಲು ಬೇಕಾದ ಕಿಣ್ವವೊಂದು ಹುಟ್ಟಿನಿಂದಲೇ ಕೊರತೆಯಾಗಿರುವ ಕಾಯಿಲೆಗಳನ್ನು ವೈದ್ಯರು ಸಿ.ಎ.ಎಚ್. (ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ) ಎಂದು ಕರೆಯುತ್ತಾರೆ. ಶೇ. 90ಕ್ಕಿಂತ ಹೆಚ್ಚು ಮಕ್ಕಳಲ್ಲಿ ಕೊರತೆಯಿರುವುದು 21-ಹೈಡ್ರಾಕ್ಸಿಲೇಸ್ ಎಂಬ ಕಿಣ್ವದ್ದು. ತಂದೆತಾಯಿ ಇಬ್ಬರಲ್ಲೂ ದೋಷವುಳ್ಳ ಜೀನಿನ ಒಂದೊಂದು ಪ್ರತಿ ಇದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 25; ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಮನೆಗಳಲ್ಲಿ ಇಂಥ ಜೋಡಿ ಕೂಡಿಬರುವ ಸಂಭವ ಹೆಚ್ಚು.

ಇಂಥ ಮಗು ನಿತ್ಯ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಸಾಮಾನ್ಯವಾಗಿ ಮೂರು ಹೊತ್ತು ತೆಗೆದುಕೊಳ್ಳುತ್ತದೆ. ಮೂತ್ರದಲ್ಲಿ ಉಪ್ಪಿನಂಶ ಸೋರಿಹೋಗುವ ಮಕ್ಕಳಿಗೆ ಅದನ್ನು ದೇಹದಲ್ಲಿ ಉಳಿಸುವ ಫ್ಲುಡ್ರೋಕಾರ್ಟಿಸೋನ್ ಕೂಡ ಬೇಕು. ಸ್ಟೀರಾಯ್ಡ್ ಎಂದೊಡನೆ ಮನೆಯ ಹಿರಿಯರು ಹೆದರುವುದು ಸಹಜವಾದರೂ, ದೇಹ ತಾನೇ ತಯಾರಿಸಬೇಕಿದ್ದುದನ್ನಷ್ಟೇ ನಾವು ಹೊರಗಿನಿಂದ ತುಂಬುತ್ತಿದ್ದೇವೆ ಎಂದು ಅವರಿಗೆ ತಿಳಿಸಿ ಹೇಳಬೇಕು, ಏಕೆಂದರೆ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಆರೋಗ್ಯವಂತರ ದೇಹ ಜ್ವರ ಬಂದಾಗ ಹೆಚ್ಚು ಕಾರ್ಟಿಸಾಲ್ ಸುರಿಸುತ್ತದೆ. ಈ ಮಗುವಿನ ದೇಹಕ್ಕೆ ಅದು ಸಾಧ್ಯವಿಲ್ಲ. ಆದ್ದರಿಂದ ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದರೆ, ನಿಮ್ಮ ವೈದ್ಯರು ಮೊದಲೇ ಬರೆದುಕೊಟ್ಟ ಚೀಟಿಯಂತೆ ಹೈಡ್ರೋಕಾರ್ಟಿಸೋನನ್ನು ಎರಡು ಅಥವಾ ಮೂರು ಪಟ್ಟು ಮಾಡಿ, ಸಕ್ಕರೆ ಬೆರೆಸಿದ ಪಾನೀಯವನ್ನು ಆಗಾಗ ಕುಡಿಸಿ. ಫ್ಲುಡ್ರೋಕಾರ್ಟಿಸೋನ್ ಹೆಚ್ಚಿಸುವ ಅಗತ್ಯವಿಲ್ಲ. ಪರೀಕ್ಷೆಯ ಆತಂಕಕ್ಕೆ, ಸಾಮಾನ್ಯ ಆಟೋಟಕ್ಕೆ ಹೆಚ್ಚುವರಿ ಮಾತ್ರೆ ಬೇಡ.

ನಿಜವಾದ ಅಪಾಯವಿರುವುದು ವಾಂತಿಯಲ್ಲಿ. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ ಕೊಡಿ. ಆ ಮಾತ್ರೆಯೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಅಥವಾ ಮಗು ಮಂಕಾಗಿ ಎಚ್ಚರ ತಪ್ಪುವಂತಿದ್ದರೆ, ತೊಡೆಯ ಸ್ನಾಯುವಿಗೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಡಬೇಕು. ಸಾಮಾನ್ಯವಾಗಿ 3 ವರ್ಷದೊಳಗಿನವರಿಗೆ 25, 12 ವರ್ಷದವರೆಗೆ 50, ಅದಕ್ಕೂ ದೊಡ್ಡವರಿಗೆ 100 ಮಿಲಿಗ್ರಾಂ. 100 ಮಿಲಿಗ್ರಾಂ ಪುಡಿಯನ್ನು 2 ಮಿ.ಲೀ. ಇಂಜೆಕ್ಷನ್ ನೀರಿನಲ್ಲಿ ಕರಗಿಸಿದರೆ 25 ಮಿಲಿಗ್ರಾಂ ಎಂದರೆ ಅರ್ಧ ಮಿ.ಲೀ. ಅವಧಿ ಮುಗಿದ ಬಾಟಲಿಯೊಂದನ್ನು ಎತ್ತಿಟ್ಟುಕೊಂಡು, ಕಿತ್ತಳೆ ಹಣ್ಣಿಗೆ ಚುಚ್ಚಿ ನರ್ಸಮ್ಮನ ಎದುರಿನಲ್ಲೇ ಅಭ್ಯಾಸ ಮಾಡಿಕೊಳ್ಳಿ. ತಂದೆತಾಯಿಯಲ್ಲಿ ಒಬ್ಬರು ಕಲಿತರೆ ಸಾಲದು.

ಇಂಜೆಕ್ಷನ್ ಮನೆಯಲ್ಲೇ ಆಗಬೇಕು, ಆಸ್ಪತ್ರೆ ಅದರ ನಂತರ. ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೇ ಹೊರಟರೂ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತುಹೋದ ಆಟೋದೊಳಗೆ ಕೈಕಟ್ಟಿ ಕೂರುವ ಪಾಡು ಬೇಡ. 108ಕ್ಕೆ ಕರೆ ಮಾಡಿದಾಗ ‘ಅಡ್ರಿನಲ್ ಕ್ರೈಸಿಸ್’ (ಕಾರ್ಟಿಸಾಲ್ ಕೊರತೆಯಿಂದ ಬಂದ ಪ್ರಾಣಾಪಾಯ) ಎಂದೇ ಹೇಳಿ. ಅದೇ ಪದವಿರುವ ವೈದ್ಯರ ಪತ್ರವನ್ನು ಶಾಲೆಯ ಚೀಲದಲ್ಲೂ ಇಡಿ.

ಜ್ವರ ಬಿಟ್ಟು ಮಗು ಚೇತರಿಸಿಕೊಂಡ ಮೇಲೆ ಹಳೆಯ ಪ್ರಮಾಣಕ್ಕೆ ಮರಳಲು ತಡಮಾಡಬೇಡಿ. ಭಯದಿಂದ ವಾರಗಟ್ಟಲೆ ಹೆಚ್ಚು ಕೊಡುತ್ತ ಹೋದರೆ ಮಗುವಿನ ಎತ್ತರದ ಬೆಳವಣಿಗೆ ಕುಂಠಿತವಾಗುತ್ತದೆ.