ಕ್ಯಾಂಪರ್ ಹಿಂದಿನಿಂದ ತಳ್ಳುತ್ತಿದೆಯಾ? ಬ್ರೇಕ್ ಕಂಟ್ರೋಲರ್ ಆರಿಸುವುದು, ಜೋಡಿಸುವುದು ಹೀಗೆ

ಕ್ಯಾಂಪರ್, ಅಂದರೆ ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ ಮನೆಯಂಥ ಟ್ರೈಲರ್, ಎಳೆದುಕೊಂಡು ಮೊದಲ ಸಲ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ ಗಳಿಗೆ ಸುಲಭಕ್ಕೆ ಮರೆಯುವುದಿಲ್ಲ. ಮುಂದಿನ ಗಾಡಿ ನಿಲ್ಲುತ್ತೇನೆ ಅನ್ನುತ್ತದೆ, ಹಿಂದಿನದು ನಾನು ಹೊರಟೆ ಅನ್ನುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಅದೇ ಕಥೆ. ಎರಡನ್ನೂ ಕೂಡಿಸುವ ಕೊಂಡಿ, ಅಂದರೆ ಹಿಚ್ ಹತ್ತಿರ ಧಡ್ ಅಂತ ಸದ್ದು, ಬೆನ್ನಿಗೆ ಯಾರೋ ಗುದ್ದಿದ ಹಾಗೆ ಒಂದು ನೂಕು, ಕೊನೆಗೆ ನಿಲ್ಲಬೇಕಾದ ಜಾಗ ದಾಟಿ ಎಲ್ಲೋ ಹೋಗಿ ನಿಲ್ಲುತ್ತೀರಿ.

ಈ ಜಗಳ ಬಿಡಿಸಲಿಕ್ಕೆ ಇರುವುದೇ ಬ್ರೇಕ್ ಕಂಟ್ರೋಲರ್. ಡ್ಯಾಶ್‌ಬೋರ್ಡ್ ಕೆಳಗೆ ಕೂರುವ ಒಂದು ಸಣ್ಣ ಡಬ್ಬಿ. ನೀವು ಪೆಡಲ್ ಒತ್ತಿದಾಗ ಇದು ಕ್ಯಾಂಪರಿನ ಬ್ರೇಕಿಗೆ ಕರೆಂಟ್ ಕಳಿಸುತ್ತದೆ. ಅಲ್ಲಿ ಬ್ರೇಕ್ ಇರುವ ಪ್ರತಿ ಚಕ್ರದ ಡ್ರಮ್ ಒಳಗೂ ಒಂದು ವಿದ್ಯುತ್ ಆಯಸ್ಕಾಂತ ಇರುತ್ತದೆ. ಕರೆಂಟ್ ಬಂದ ಕೂಡಲೇ ಅದು ತಿರುಗುವ ಡ್ರಮ್ಮಿನ ಒಳಮೈಗೆ ಕಚ್ಚಿಕೊಂಡು, ಅದರ ಜೊತೆ ಒಂದಿಷ್ಟು ದೂರ ಎಳೆದುಕೊಂಡು ಹೋಗುತ್ತದೆ; ಆ ಎಳೆತಕ್ಕೆ ಒಂದು ತೋಳು ವಾಲಿ ಬ್ರೇಕ್ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಕರೆಂಟ್ ಜಾಸ್ತಿ ಆದಷ್ಟೂ ಹಿಡಿತ ಜಾಸ್ತಿ. ಎಷ್ಟು ಕರೆಂಟ್, ಯಾವಾಗ ಅನ್ನುವುದೇ ಇಡೀ ಆಟ.

ಕೊಳ್ಳುವ ಮೊದಲು ಕ್ಯಾಂಪರ್ ಕೆಳಗೆ ಬಗ್ಗಿ ನೋಡಿ

ಎಲ್ಲ ಕ್ಯಾಂಪರಿಗೂ ಕಂಟ್ರೋಲರ್ ಬೇಕಾಗಿಲ್ಲ. ಯುರೋಪಿನಲ್ಲಿ ಹೆಚ್ಚಾಗಿ ಕಾಣುವ ಓವರ್‌ರನ್ ಬ್ರೇಕಿನಲ್ಲಿ ಕ್ಯಾಂಪರ್ ಮುಂದಕ್ಕೆ ನೂಕುವ ಬಲವೇ ಬ್ರೇಕ್ ಹಾಕುತ್ತದೆ. ಅಲ್ಲಿ ಕರೆಂಟಿಗೆ ಕೆಲಸವಿಲ್ಲ. ಚಕ್ರದ ಹಿಂಬದಿ ನೋಡಿ. ಡ್ರಮ್ಮಿನ ಹಿಂದಿನ ತಟ್ಟೆಯಿಂದ ಎರಡು ವೈರ್ ಹೊರಗೆ ಬಂದಿದ್ದರೆ ಅದು ಎಲೆಕ್ಟ್ರಿಕ್ ಬ್ರೇಕ್, ಕಂಟ್ರೋಲರ್ ಬೇಕೇ ಬೇಕು. ವೈರ್ ಬದಲು ಎಣ್ಣೆಯ ಪೈಪ್ ಇದ್ದು, ಮುಂದೆ ಎಲ್ಲೋ ಒಂದು ವಿದ್ಯುತ್ ಪಂಪ್ ಕೂತಿದ್ದರೆ ಅದು ಎಲೆಕ್ಟ್ರಿಕ್ ಓವರ್ ಹೈಡ್ರಾಲಿಕ್. ಅದಕ್ಕೆ ಎಲ್ಲ ಕಂಟ್ರೋಲರ್ ಹೊಂದುವುದಿಲ್ಲ, ಡಬ್ಬಿಯ ಮೇಲೆ ಆ ಹೆಸರು ಬರೆದಿದ್ದರೆ ಮಾತ್ರ ತನ್ನಿ.

ಏನೂ ಇಲ್ಲದಿದ್ದರೆ ಮೊದಲು ತೂಕದ ನಿಯಮ ನೋಡಿ. ಯುರೋಪು, ಆಸ್ಟ್ರೇಲಿಯಾದಲ್ಲಿ 750 ಕೆ.ಜಿ. ದಾಟಿದ ಟ್ರೈಲರಿಗೆ ಬ್ರೇಕ್ ಕಡ್ಡಾಯ. ಅಮೆರಿಕದಲ್ಲಿ ರಾಜ್ಯಕ್ಕೊಂದು ಲೆಕ್ಕ, ಬಹಳ ಕಡೆ 3,000 ಪೌಂಡ್, ಅಂದರೆ ಸುಮಾರು 1,360 ಕೆ.ಜಿ.

ಹಾಗೇ ಗಾಡಿಯ ಹಿಂದಿನ ಸಾಕೆಟ್ ನೋಡಿ. ಅಮೆರಿಕದ 4 ಪಿನ್ನಿನ ಚಪ್ಪಟೆ ಸಾಕೆಟ್ ಇದ್ದರೆ ಅದರಲ್ಲಿ ಲೈಟ್ ಮಾತ್ರ ಹತ್ತುತ್ತದೆ, ಬ್ರೇಕಿಗೆ ಅಂತ ವೈರೇ ಇರುವುದಿಲ್ಲ. 7 ಪಿನ್ನಿನದು ಬೇಕು.

ಯಾವುದನ್ನು ಕೊಳ್ಳುವುದು?

ಮುಖ್ಯವಾಗಿ ಎರಡು ಜಾತಿ. ಒಂದು ಟೈಮ್ ಡಿಲೇ. ನೀವು ಪೆಡಲ್ ಮೆಲ್ಲಗೆ ಮುಟ್ಟಿದರೂ ಅಷ್ಟೇ, ಗಾಬರಿಯಿಂದ ತುಳಿದರೂ ಅಷ್ಟೇ: ಮೊದಲೇ ಹೇಳಿಟ್ಟ ಲೆಕ್ಕದಂತೆ ಕರೆಂಟ್ ಏರಿಸುತ್ತಾ ಹೋಗುತ್ತದೆ. ಇನ್ನೊಂದು ಪ್ರೊಪೋರ್ಷನಲ್. ಇದರೊಳಗಿನ ಸೆನ್ಸರ್ ಗಾಡಿ ಎಷ್ಟು ಜೋರಾಗಿ ನಿಧಾನವಾಗುತ್ತಿದೆ ಅಂತ ಅಳೆದು, ಕ್ಯಾಂಪರಿಗೂ ಅಷ್ಟೇ ಜೋರಿನ ಬ್ರೇಕ್ ಕೊಡುತ್ತದೆ.

ನನ್ನ ಮಾತು ಕೇಳುವುದಾದರೆ ಎರಡನೆಯದನ್ನೇ ತನ್ನಿ. ಟೈಮ್ ಡಿಲೇ ಅಗ್ಗ, ಹೇಗೆ ಕೂರಿಸಿದರೂ ನಡೆಯುತ್ತದೆ, ನಿಜ. ಆದರೆ ಸಿಗ್ನಲ್‌ನಲ್ಲಿ ನಿಂತು ನಿಂತು ಹೋಗುವಾಗ ಅದು ಕೊಡುವ ಜಗ್ಗು ಅನುಭವಿಸಿದವರಿಗೇ ಗೊತ್ತು. ಸುಮ್ನೆ ಹಗುರದ ಟ್ರೈಲರನ್ನು ವರ್ಷಕ್ಕೆರಡು ಸಲ ಎಳೆಯುವವರಿಗೆ ಪರವಾಗಿಲ್ಲ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕ್ಯಾಂಪರ್ ಎಳೆಯುವವರಿಗೆ ಬೇಡ.

ವೈರ್‌ಲೆಸ್ ಮಾದರಿಗಳೂ ಇವೆ. 7 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ಫೋನಿನಿಂದ ಹೊಂದಿಸುವಂಥವು. ಬಾಡಿಗೆ ಗಾಡಿಯಲ್ಲಿ, ಡ್ಯಾಶ್ ಮುಟ್ಟುವ ಹಾಗಿಲ್ಲದಿದ್ದಾಗ ಒಳ್ಳೆಯದೇ. ಆದರೆ ಕ್ಯಾಂಪರ್ ಬಾಲ ಅಲ್ಲಾಡಿಸಲು ಶುರು ಮಾಡಿದಾಗ ನನ್ನ ಬೆರಳಿಗೆ ಕ್ಯಾಂಪರಿನ ಬ್ರೇಕ್ ಮಾತ್ರ ಹಾಕುವ ಒಂದು ಗಟ್ಟಿ ಲಿವರ್ ಸಿಗಬೇಕು, ಆಗ ಫೋನ್ ಎಲ್ಲಿದೆ ಅಂತ ಹುಡುಕುವವರು ಯಾರು? ಇನ್ನು ನಿಮ್ಮ ಗಾಡಿಯಲ್ಲಿ ಕಂಪನಿಯವರೇ ಕಂಟ್ರೋಲರ್ ಹಾಕಿ ಕೊಟ್ಟಿದ್ದರೆ ಹೊಸದರ ಗೊಡವೆ ಬೇಡ, ಹೊಂದಿಸುವ ಭಾಗಕ್ಕೆ ನೇರ ಹೋಗಿ.

ಜೋಡಿಸುವ ಕೆಲಸ

ಮೊದಲು ಸ್ಟೀರಿಂಗ್ ಕೆಳಗೆ ಟಾರ್ಚ್ ಬಿಟ್ಟು ಹುಡುಕಿ. ಟೋಯಿಂಗ್ ಪ್ಯಾಕೇಜ್ ಜೊತೆ ಬಂದ ಬಹಳಷ್ಟು ಗಾಡಿಗಳಲ್ಲಿ ಕಂಟ್ರೋಲರಿಗೆಂದೇ ಒಂದು ಪ್ಲಗ್ ಖಾಲಿ ಬಿಟ್ಟಿರುತ್ತಾರೆ. ಅದು ಸಿಕ್ಕಿದರೆ ನಿಮ್ಮ ಮಾಡೆಲ್ಲಿನ ಅಡಾಪ್ಟರ್ ಹಾರ್ನೆಸ್, ಅಂದರೆ ಎರಡೂ ತುದಿಗೆ ಪ್ಲಗ್ ಇರುವ ವೈರಿನ ಕಟ್ಟು, ತಂದು ಆ ಕಡೆ, ಈ ಕಡೆ ಸಿಕ್ಕಿಸಿದರೆ ಮುಗಿಯಿತು.

ಸಿಗದಿದ್ದರೆ ವೈರ್ ಎಳೆಯಬೇಕು. ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲಸ ಶುರು ಮಾಡಿ. ಡಬ್ಬಿ ಕೂರಿಸುವ ಜಾಗ ಬಲಗೈಯೋ ಎಡಗೈಯೋ ಸುಲಭವಾಗಿ ಮುಟ್ಟುವಂತಿರಬೇಕು, ಮೊಣಕಾಲು ತಾಗಬಾರದು. ಡ್ರಿಲ್ ಹಾಕುವ ಮೊದಲು ಆ ಪ್ಯಾನೆಲ್ ಹಿಂದೆ ಏನಿದೆ ನೋಡಿಕೊಳ್ಳಿ, ಅಲ್ಲಿ ಮೊಣಕಾಲಿನ ಏರ್‌ಬ್ಯಾಗ್ ಇರಬಹುದು. ಪ್ರೊಪೋರ್ಷನಲ್ ಆದರೆ ಡಬ್ಬಿ ಗಾಡಿ ಹೋಗುವ ದಿಕ್ಕಿಗೇ ನೇರ ಇರಬೇಕು. ಎಷ್ಟು ಓರೆ ನಡೆಯುತ್ತದೆ ಅನ್ನುವುದು ಅದರ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

ಇರುವುದು ನಾಲ್ಕೇ ವೈರ್. ಕಪ್ಪು ಬ್ಯಾಟರಿಯ ಪಾಸಿಟಿವ್‌ಗೆ, ನಡುವೆ ಸರ್ಕ್ಯೂಟ್ ಬ್ರೇಕರ್ ಹಾಕಿ, ಅದೂ ಬ್ಯಾಟರಿಯ ಹತ್ತಿರವೇ. ಒಂದು ಆಯಸ್ಕಾಂತ ಸುಮಾರು 3 ಆಂಪ್ ಎಳೆಯುತ್ತದೆ. ಎರಡು ಆಕ್ಸಲ್ ಅಂದರೆ ನಾಲ್ಕು ಚಕ್ರ, 12 ಆಂಪ್, ಅದಕ್ಕೆ 20 ಆಂಪಿನ ಬ್ರೇಕರ್ ಸಾಕು. ಮೂರು ಆಕ್ಸಲ್ ಆದರೆ 30 ಆಂಪಿನದು. ಫ್ಯೂಸ್ ಯಾಕೆ ಬೇಡ ಅಂದರೆ, ಫ್ಯೂಸ್ ಒಮ್ಮೆ ಸುಟ್ಟರೆ ನೀವು ಬದಲಿಸುವ ತನಕ ಕ್ಯಾಂಪರಿಗೆ ಬ್ರೇಕೇ ಇಲ್ಲ. ತಾನಾಗಿ ಮತ್ತೆ ಕೂಡಿಕೊಳ್ಳುವ ಬ್ರೇಕರ್ ಹಾಗೆ ಕೈ ಕೊಡುವುದಿಲ್ಲ.

ಬಿಳಿ ವೈರ್ ಅರ್ತ್. ಬಣ್ಣ ಬಳಿದ ತಗಡಿಗೆ ಸ್ಕ್ರೂ ಹಾಕಿ ಕೈ ತೊಳೆದುಕೊಳ್ಳಬೇಡಿ. ಸಡಿಲ ಅರ್ತ್ ಇದ್ದರೆ ಕಂಟ್ರೋಲರ್ ಹುಚ್ಚುಹುಚ್ಚಾಗಿ ಆಡುತ್ತದೆ. ನೀಲಿ ವೈರ್ ಹಿಂದಿನ ಸಾಕೆಟ್ಟಿನ ಬ್ರೇಕ್ ಪಿನ್ನಿಗೆ ಹೋಗುತ್ತದೆ, ಸೈಲೆನ್ಸರ್ ಪೈಪಿನಿಂದ ದೂರ ಎಳೆಯಿರಿ. ಕಪ್ಪು, ಬಿಳಿ, ನೀಲಿ ಮೂರಕ್ಕೂ 10 ಅಥವಾ 12 ಗೇಜ್ ವೈರ್ ಬಳಸಿ. ತೆಳ್ಳಗಿನ ವೈರಿನಲ್ಲಿ ಅಷ್ಟು ದೂರ ಹೋಗುವಷ್ಟರಲ್ಲಿ ವೋಲ್ಟೇಜ್ ಸೋರಿಹೋಗಿ ಆಯಸ್ಕಾಂತಕ್ಕೆ ಉಳಿಯುವುದು ಅರೆಹೊಟ್ಟೆ. ತಗಡಿನ ತೂತಿನಲ್ಲಿ ವೈರ್ ದಾಟಿಸುವ ಕಡೆಯಲ್ಲೆಲ್ಲ ರಬ್ಬರ್ ಗ್ರೊಮೆಟ್ ಹಾಕಿ. ಕಪ್ಪು, ಬಿಳಿ ಅದಲು ಬದಲಾದರೆ ಕಂಟ್ರೋಲರ್ ಅಲ್ಲಿಗೇ ಸುಟ್ಟುಹೋಗಬಹುದು.

ಉಳಿದದ್ದು ಕೆಂಪು, ನನ್ನ ಕೈ ಸುಟ್ಟಿದ್ದು ಇದರಲ್ಲೇ. ಇದು ಬ್ರೇಕ್ ಪೆಡಲ್ ಮೇಲಿನ ಸ್ಟಾಪ್ ಲೈಟ್ ಸ್ವಿಚ್ಚಿಗೆ ಹೋಗಬೇಕು. ಆ ಸ್ವಿಚ್ಚಿನ ಒಂದು ವೈರಿನಲ್ಲಿ ಯಾವಾಗಲೂ 12 ವೋಲ್ಟ್ ಇರುತ್ತದೆ, ಇನ್ನೊಂದರಲ್ಲಿ ಪೆಡಲ್ ಒತ್ತಿದಾಗ ಮಾತ್ರ. ನಮಗೆ ಬೇಕಾದದ್ದು ಎರಡನೆಯದು. ನಾನು ಮೊದಲ ಸಲ, ಹಳೆಯ ಟೈಮ್ ಡಿಲೇ ಕಂಟ್ರೋಲರ್ ಹಾಕುವಾಗ, ಮಲ್ಟಿಮೀಟರ್ ತರಲು ಸೋಮಾರಿಯಾಗಿ ಅಂದಾಜಿನಲ್ಲಿ ಒಂದಕ್ಕೆ ಕಟ್ಟಿದೆ. ಹೊರಟಾಗ ಗಾಡಿ ಯಾಕೋ ಭಾರ ಅನ್ನಿಸಿತು, ಎದುರುಗಾಳಿ ಇರಬೇಕು ಅಂದುಕೊಂಡೆ. ಒಂದಷ್ಟು ದೂರ ಹೋಗಿ ಇಳಿದರೆ ಸುಟ್ಟ ವಾಸನೆ, ಚಕ್ರದ ಹತ್ತಿರ ಅಂಗೈ ಹಿಡಿಯಲಾಗದಷ್ಟು ಬಿಸಿ. ಪಾಪ ಕಂಟ್ರೋಲರ್, ನಾನು ಇಡೀ ದಾರಿ ಪೆಡಲ್ ಒತ್ತಿಕೊಂಡೇ ಇದ್ದೇನೆ ಅಂತ ನಂಬಿತ್ತು! ಅದನ್ನೇ ಬೈದು, ಬಿಚ್ಚಿ, ಆಮೇಲೆ ಗೊತ್ತಾಯಿತು ತಪ್ಪು ಯಾರದು ಅಂತ. ನೀವು ಮೀಟರ್ ಹಿಡಿದು, ಒಬ್ಬರ ಕೈಲಿ ಪೆಡಲ್ ಒತ್ತಿಸಿ ನೋಡಿಯೇ ಕಟ್ಟಿ. ಹೊಸ ಗಾಡಿಗಳಲ್ಲಿ ಈ ಸ್ವಿಚ್ ನೇರ ಕಂಪ್ಯೂಟರ್ ಜೊತೆ ಮಾತಾಡುವುದೂ ಉಂಟು, ಅಂಥ ಕಡೆ ವೈರ್ ಕೊಯ್ಯುವ ಸಾಹಸ ಬೇಡ, ಹಾರ್ನೆಸ್ಸೇ ಗತಿ.

ಹೊಂದಿಸುವುದು

ಬ್ಯಾಟರಿ ಸೇರಿಸಿ, ಕ್ಯಾಂಪರ್ ಪ್ಲಗ್ ಹಾಕಿ. ಒಬ್ಬರು ಒಳಗೆ ಕೂತು ಕಂಟ್ರೋಲರಿನ ಕೈ ಲಿವರ್ ಒತ್ತಲಿ, ನೀವು ಚಕ್ರದ ಹತ್ತಿರ ಕಿವಿ ಇಡಿ. ಜೇನ್ನೊಣದ ಹಾಗೆ ಗುಂಯ್ ಅನ್ನುವ ಸಣ್ಣ ಸದ್ದು ಕೇಳಬೇಕು. ಗದ್ದಲದ ಜಾಗವಾದರೆ ಒಂದು ದಿಕ್ಸೂಚಿ ಹಿಡಿದು ನೋಡಿ, ಲಿವರ್ ಒತ್ತಿದ ಕೂಡಲೇ ಮುಳ್ಳು ಡ್ರಮ್ ಕಡೆ ಹೊರಳುತ್ತದೆ. ಬ್ರೇಕ್ ಇರುವ ಎಲ್ಲ ಚಕ್ರಕ್ಕೂ ಹೀಗೇ ಮಾಡಿ. ಒಂದೇ ಚಕ್ರ ಸುಮ್ಮನಿದ್ದರೆ ಕಂಟ್ರೋಲರ್ ಸರಿಯಿದೆ, ಆ ಚಕ್ರದ ವೈರ್ ನೋಡಿ.

ಇನ್ನು ಗೇನ್, ಅಂದರೆ ಕ್ಯಾಂಪರಿಗೆ ಗರಿಷ್ಠ ಎಷ್ಟು ಬಲ ಹೋಗಬೇಕು ಅನ್ನುವ ಅಂಕಿ. ಖಾಲಿ, ಒಣ, ಸಮತಟ್ಟು ರಸ್ತೆ ಹುಡುಕಿ. ಹತ್ತಾರು ಸಲ ಬ್ರೇಕ್ ಹಾಕಿ ಡ್ರಮ್ ಬೆಚ್ಚಗೆ ಮಾಡಿ. ಆಮೇಲೆ 40 ಕಿ.ಮೀ. ವೇಗದಲ್ಲಿ ಹೋಗುತ್ತಾ ಪೆಡಲ್ ಮುಟ್ಟದೆ ಕೈ ಲಿವರ್ ಮಾತ್ರ ಪೂರ್ತಿ ಒತ್ತಿ. ಕ್ಯಾಂಪರ್ ಹಿಂದಿನಿಂದ ಗಟ್ಟಿಯಾಗಿ ಜಗ್ಗಬೇಕು, ಆದರೆ ಚಕ್ರ ಲಾಕ್ ಆಗಿ ಕಿರ್ರೆನ್ನಬಾರದು. ಲಾಕ್ ಆದರೆ ಗೇನ್ ಇಳಿಸಿ. ಏನೂ ಆಗದಿದ್ದರೆ ಸ್ವಲ್ಪ ಏರಿಸಿ ಮತ್ತೆ ಅದೇ. ನಾಲ್ಕೈದು ಸಲ ಓಡಾಡಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಸಾವಿರ ಕಿಲೋ ಕ್ಯಾಂಪರಿನ ಗೇನ್ ಎಷ್ಟು ಅಂತ ನನ್ನನ್ನು ಕೇಳುವವರಿದ್ದಾರೆ. ಅದು ಪಕ್ಕದವರ ಕನ್ನಡಕದ ಪವರ್ ಕೇಳಿದ ಹಾಗೆ.

ಗೇನ್ ಪೂರ್ತಿ ಏರಿಸಿದರೂ ಹಿಡಿತ ಇಲ್ಲವೇ? ಹೆಚ್ಚಾಗಿ ಶೂ ಸವೆದು ಡ್ರಮ್ಮಿನಿಂದ ದೂರ ಸರಿದಿರುತ್ತದೆ. ಹಿಂದಿನ ತಟ್ಟೆಯ ಕಿಂಡಿಯಲ್ಲಿ ಹಲ್ಲಿನ ಚಕ್ರ ತಿರುಗಿಸಿ ಹತ್ತಿರ ತರಬೇಕು. ಹೊಸ ಬ್ರೇಕಿಗೆ ಮೊದಲ 320 ಕಿ.ಮೀ. ಆದ ಮೇಲೆ, ಆಮೇಲೆ ಸುಮಾರು 4,800 ಕಿ.ಮೀ.ಗೆ ಒಮ್ಮೆ ಈ ಕೆಲಸ ಮಾಡಿ. ತಾನೇ ಹೊಂದಿಕೊಳ್ಳುವ ಬ್ರೇಕ್ ಆದರೆ ಈ ತಾಪತ್ರಯ ಇಲ್ಲ.

ಆ ಕೈ ಲಿವರಿಗೆ ಇನ್ನೊಂದು ದೊಡ್ಡ ಕೆಲಸ ಇದೆ. ಕ್ಯಾಂಪರ್ ಓಲಾಡಲು ಶುರು ಮಾಡಿದರೆ ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೆಟ್ಟಗೆ ಹಿಡಿದು ಲಿವರನ್ನು ಮೆಲ್ಲಗೆ ಒತ್ತಿ. ಹಿಂದಿನದರ ವೇಗ ಮಾತ್ರ ತಗ್ಗಿ ಅದು ಸಾಲಿಗೆ ಬರುತ್ತದೆ. ಆಗ ಪೆಡಲ್ ತುಳಿಯಬೇಡಿ. ಇದನ್ನು ಖಾಲಿ ರಸ್ತೆಯಲ್ಲಿ, ಓಲಾಟ ಇಲ್ಲದಾಗಲೇ, ನೋಡದೆ ಕೈಗೆ ಸಿಗುವ ತನಕ ಅಭ್ಯಾಸ ಮಾಡಿಕೊಂಡಿರಿ.

ಬ್ರೇಕ್‌ಅವೇ ಸ್ವಿಚ್ಚಿನ ಪಿನ್ ಎಳೆದೂ ಒಮ್ಮೆ ಪರೀಕ್ಷಿಸಿ, ಕ್ಯಾಂಪರ್ ಕಳಚಿಕೊಂಡರೆ ಅದರದೇ ಬ್ಯಾಟರಿಯಿಂದ ಬ್ರೇಕ್ ಹಾಕುವ ಸ್ವಿಚ್ ಅದು. ಹಾಗೆ ಎಳೆಯುವಾಗ ಗಾಡಿಯ ಪ್ಲಗ್ ಕಿತ್ತಿರಿ, ಇಲ್ಲದಿದ್ದರೆ ಕೆಲವು ಕಂಟ್ರೋಲರ್ ಹಾಳಾಗುತ್ತವೆ. ಪಿನ್ ತಕ್ಷಣ ವಾಪಸ್ ಹಾಕಿ, ಅದನ್ನು ಪಾರ್ಕಿಂಗ್ ಬ್ರೇಕ್ ಮಾಡಿಕೊಂಡರೆ ಬ್ಯಾಟರಿ ಖಾಲಿ.

ಗೇನ್ ಒಮ್ಮೆ ಇಟ್ಟರೆ ಮುಗಿಯಲಿಲ್ಲ. 100 ಲೀಟರ್ ನೀರು ತುಂಬಿಸಿದರೆ 100 ಕಿಲೋ ಏರಿತು, ಗೇನ್ ಕೂಡ ಸ್ವಲ್ಪ ಏರಿಸಬೇಕು. ಮಳೆ ಬಂದರೆ ರಸ್ತೆ ಜಾರುತ್ತದೆ, ಆಗ ಸ್ವಲ್ಪ ಇಳಿಸಬೇಕು. ನನ್ನ ಡ್ಯಾಶ್ ಮೇಲೆ ಒಂದು ತುಂಡು ಟೇಪ್ ಅಂಟಿದೆ. ಅದರ ಮೇಲೆ ಪೆನ್ಸಿಲಿನಲ್ಲಿ: ಟ್ಯಾಂಕ್ ಖಾಲಿ 5.5, ತುಂಬಿದ್ದರೆ 6.5, ಮಳೆಗೆ 5.